ಜೊತೆಗೆ ಓಡುವ ಧರ್ಮ: ವಿಕಲಚೇತನರ ಕ್ರೀಡೆ ಹಾಗೂ ಸ್ವಯಂಸೇವೆ – ಒಂದು ವಿಮರ್ಶೆ

ದಾನ, ಸೇವೆ ಎಂಬೆರಡು ಶಬ್ದಗಳನ್ನು ಒಂದೇ ಉಸಿರಿನಲ್ಲಿ ನುಡಿಯುವುದು ರೂಢಿಯಾಗಿದೆ. ಸಭೆಗಳ ಆಹ್ವಾನಪತ್ರಿಕೆಗಳಲ್ಲಿ, ಸಂಘಸಂಸ್ಥೆಗಳ ವಾರ್ಷಿಕ ವರದಿಗಳಲ್ಲಿ ಇವು ಜೋಡಿಯಾಗಿಯೇ ಕಾಣಿಸಿಕೊಳ್ಳುತ್ತವೆ. ಆದರೆ ಇವುಗಳ ಲೆಕ್ಕ ಬೇರೆ ಬೇರೆ. ದಾನವನ್ನು ದೂರದಲ್ಲಿದ್ದೂ ಕೊಡಬಹುದು; ಸೇವೆಗೆ ಹತ್ತಿರ ಹೋಗಲೇಬೇಕು. ದಾನ ಒಂದು ಗಳಿಗೆಯಲ್ಲಿ ಮುಗಿಯುತ್ತದೆ. ಸೇವೆ ನಾಳೆಯೂ ಬರಬೇಕೆಂದು ಕೇಳುತ್ತದೆ. ಅಂಗವಿಕಲರ ವಿಷಯದಲ್ಲಿ ಸಮಾಜವು ಮೊದಲನೆಯದನ್ನು ಕೊಟ್ಟು ಎರಡನೆಯದನ್ನೂ ಕೊಟ್ಟಂತಾಯಿತೆಂದು ತೃಪ್ತಿಪಟ್ಟುಕೊಂಡಿದೆ. ಈ ತೃಪ್ತಿ ಎಷ್ಟರಮಟ್ಟಿಗೆ ನ್ಯಾಯವಾದುದು ಎಂಬುದನ್ನು ಪರೀಕ್ಷಿಸಲು ಮಲೆನಾಡಿನ ಒಂದು ನಿದರ್ಶನ ಒದಗಿಬಂದಿದೆ.

ಕುದುರೆಮುಖದ ಬೆಟ್ಟಸಾಲಿನ ಆಸುಪಾಸಿನಲ್ಲಿ, ಕಾಫಿ ತೋಟಗಳ ನಡುವೆ ಹರಡಿಕೊಂಡಿರುವುದು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕು. ಈಗ ಪ್ರತ್ಯೇಕ ತಾಲ್ಲೂಕಾಗಿರುವ ಕಳಸವೂ ಹಿಂದೆ ಇದಕ್ಕೇ ಸೇರಿತ್ತು. ಈ ಮೂಡಿಗೆರೆ ಸೀಮೆಯ ಒಂದು ಹಳ್ಳಿಯವರಾದ ರಕ್ಷಿತಾ ರಾಜು ಹುಟ್ಟಿನಿಂದಲೇ ದೃಷ್ಟಿಯಿಲ್ಲದವರು. ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಅವರನ್ನು ಸಾಕಿದವರು ಅಜ್ಜಿ. ಆ ಅಜ್ಜಿಗೆ ಕಿವಿ ಕೇಳಿಸದು, ಮಾತು ಬಾರದು. ಚಿಕ್ಕಮಗಳೂರಿನ ಆಶಾಕಿರಣ ಅಂಧ ಮಕ್ಕಳ ಶಾಲೆಯಲ್ಲಿ ಓದುತ್ತಿದ್ದಾಗ ಶಿಕ್ಷಕರ ಪ್ರೋತ್ಸಾಹದಿಂದ ಓಟಕ್ಕಿಳಿದ ಈ ಹುಡುಗಿ 2018ರ ಅಕ್ಟೋಬರಿನಲ್ಲಿ ಜಕಾರ್ತದಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಪೂರ್ಣ ಅಂಧರ ವಿಭಾಗದ 1500 ಮೀಟರ್ ಓಟದ ಚಿನ್ನದ ಪದಕ ಗಳಿಸಿದರು. 2023ರ ಅಕ್ಟೋಬರಿನಲ್ಲಿ ಚೀನಾದ ಹಾಂಗ್‌ಝೌ ನಗರದಲ್ಲಿ ಅದೇ ಓಟದಲ್ಲಿ ಮತ್ತೊಮ್ಮೆ ಚಿನ್ನ ಗೆದ್ದರು. 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಓಡಿದರು. ಅಲ್ಲಿ ಅಂತಿಮ ಸುತ್ತಿಗೆ ತಲುಪಲಾಗಲಿಲ್ಲ.

ಈ ವೃತ್ತಾಂತವನ್ನು ಪತ್ರಿಕೆಗಳೂ ಸಭೆಗಳ ಭಾಷಣಕಾರರೂ ಹೇಳುವ ಕ್ರಮವನ್ನು ಗಮನಿಸಬೇಕು. ಮೊದಲ ಭಾಗದಲ್ಲಿ ಕುರುಡುತನ, ತಬ್ಬಲಿತನ, ಬಡತನ. ಕೊನೆಯ ಭಾಗದಲ್ಲಿ ಚಿನ್ನದ ಪದಕ, ರಾಷ್ಟ್ರಧ್ವಜ. ಕೇಳುಗನ ಕಣ್ಣು ಮೊದಲು ಕರುಣೆಯಿಂದ, ಆಮೇಲೆ ಹೆಮ್ಮೆಯಿಂದ ತೇವಗೊಳ್ಳುತ್ತದೆ. ಈ ಎರಡರ ನಡುವೆ ಇರುವ ವರ್ಷಗಳು ಮಾತ್ರ ಕಥೆಯಲ್ಲಿ ಕಾಣಿಸುವುದೇ ಇಲ್ಲ. ದೃಷ್ಟಿಯಿಲ್ಲದ ಹುಡುಗಿಯೊಬ್ಬಳು ಪ್ರತಿದಿನ ಬೆಳಗ್ಗೆ ಯಾರ ಜೊತೆ ಓಡಿದಳು? ತಿರುವು ಬಂದಾಗ ತಿಳಿಸಿದವರು ಯಾರು? ಮಳೆಗಾಲದಲ್ಲಿ ಏನು ಮಾಡಿದರು? ಜೊತೆಗಾರನಿಗೆ ಜ್ವರ ಬಂದ ದಿನ ಆಕೆಯ ಅಭ್ಯಾಸ ನಿಂತಿತೇ? ಈ ಪ್ರಶ್ನೆಗಳು ನೀರಸವೆಂದು ತೋರಬಹುದು. ಆದರೆ ಅಂಗವಿಕಲರನ್ನು ಸಮಾಜದೊಳಗೆ ಸೇರಿಸಿಕೊಳ್ಳುವ ಕಾರ್ಯ ನಿಜವಾಗಿ ನಡೆಯುವುದು ಈ ನೀರಸವಾದ ಮಧ್ಯಭಾಗದಲ್ಲಿಯೇ. ತನ್ನ ಬಾಲ್ಯದಲ್ಲಿ ಊರವರು ಈ ಮಗು ಯಾವುದಕ್ಕೂ ಬಾರದೆಂದು ಮಾತಾಡಿಕೊಳ್ಳುತ್ತಿದ್ದರೆಂದು ರಕ್ಷಿತಾ ಅವರೇ ಪತ್ರಕರ್ತರಿಗೆ ತಿಳಿಸಿದ್ದಾರೆ. ಆ ಮಾತನ್ನು ಸುಳ್ಳು ಮಾಡಿದ್ದು ಪದಕವೆಂದು ಜನ ತಿಳಿಯುತ್ತಾರೆ. ಪದಕಕ್ಕೆ ಎಷ್ಟೋ ಮೊದಲು, ಬಾ ಓಡೋಣ ಎಂದು ಯಾರೋ ಕರೆದ ಗಳಿಗೆಯಲ್ಲಿಯೇ ಅದು ಸುಳ್ಳಾಗಿತ್ತು.

ದಾರದ ನಿಯಮ

ಕಥೆಯ ಆ ಮಧ್ಯಭಾಗದಲ್ಲಿ ಇರುವ ಒಂದು ಹೆಸರು ರಾಹುಲ್ ಬಾಲಕೃಷ್ಣ. ಸ್ವತಃ ಮಧ್ಯಮ ದೂರದ ಓಟಗಾರರಾದ ಅವರು ರಕ್ಷಿತಾ ಅವರಿಗೆ ತರಬೇತುದಾರರೂ ಆದರು, ಪಕ್ಕದಲ್ಲಿ ಓಡುವ ಜೊತೆಗಾರರೂ ಆದರು. ಕ್ರೀಡಾಲೋಕದಲ್ಲಿ ಈ ಜೊತೆಗಾರನನ್ನು ಗೈಡ್ ರನ್ನರ್ ಎಂದು ಕರೆಯುತ್ತಾರೆ. ಆತನ ಕೆಲಸ ಹೊರನೋಟಕ್ಕೆ ಸುಲಭ. ಓಟಗಾರ್ತಿಯ ಕೈಗೂ ಆತನ ಕೈಗೂ ನಡುವೆ ಒಂದು ಗೇಣಿಗಿಂತ ತುಸು ಉದ್ದದ ದಾರ. ಅದರ ಎರಡೂ ತುದಿಗಳಲ್ಲಿ ಬೆರಳಿಗೆ ಸಿಕ್ಕಿಸಿಕೊಳ್ಳುವ ಕುಣಿಕೆ. ಇಬ್ಬರ ಕೈಗಳೂ ಒಂದೇ ಲಯದಲ್ಲಿ ಬೀಸಬೇಕು, ಹೆಜ್ಜೆಗಳೂ ಹೊಂದಬೇಕು. 1500 ಮೀಟರ್ ಎಂದರೆ 400 ಮೀಟರ್ ಅಂಕಣದಲ್ಲಿ ಮೂರೂ ಮುಕ್ಕಾಲು ಸುತ್ತು. ಅಷ್ಟು ದೂರವೂ ಆತ ಮಾತಾಡುತ್ತಲೇ ಓಡಬೇಕು: ತಿರುವು ಬಂತು, ನೇರ ಬಂತು, ಮುಂದೆ ಇಬ್ಬರಿದ್ದಾರೆ, ಇನ್ನು ನೂರು ಮೀಟರ್. ಓಡುತ್ತ ಮಾತಾಡಲು ಉಸಿರು ಉಳಿಯಬೇಕಾದರೆ ಆತ ಆಕೆಗಿಂತ ಸಾಕಷ್ಟು ಬಲಿಷ್ಠ ಓಟಗಾರನಾಗಿರಬೇಕು. ಅರ್ಥಾತ್ ತನ್ನ ಸಾಮರ್ಥ್ಯದ ಒಂದು ಪಾಲನ್ನು ಬಳಸದೆ ಕಾದಿಟ್ಟುಕೊಳ್ಳುವುದೇ ಆತನ ಸಾಮರ್ಥ್ಯ.

ಈ ಓಟಕ್ಕೆ ಅಂತರರಾಷ್ಟ್ರೀಯ ನಿಯಮಗಳಿವೆ. ಪೂರ್ಣ ಅಂಧರ ವಿಭಾಗದಲ್ಲಿ ಎಲ್ಲ ಸ್ಪರ್ಧಿಗಳೂ ಬೆಳಕು ತೂರದ ಕಣ್ಣುಪಟ್ಟಿ ಧರಿಸಬೇಕು. ಒಬ್ಬರಿಗೆ ತುಸು ಬೆಳಕು ಕಾಣಿಸಿ ಇನ್ನೊಬ್ಬರಿಗೆ ಕಾಣಿಸದೆ ಅನ್ಯಾಯವಾಗಬಾರದೆಂಬುದು ಇದರ ಉದ್ದೇಶ. ಜೊತೆಗಾರನಿಗಂತೂ ಮೂರು ನಿಷೇಧಗಳಿವೆ. ಆತ ಓಟಗಾರ್ತಿಯನ್ನು ಎಳೆಯಬಾರದು. ತಳ್ಳಬಾರದು. ಗುರಿಯ ಗೆರೆಯನ್ನು ಆಕೆಗಿಂತ ಮೊದಲು ದಾಟಬಾರದು. ಇವುಗಳಲ್ಲಿ ಯಾವುದನ್ನು ಮೀರಿದರೂ ಜೋಡಿ ಅನರ್ಹವಾಗುತ್ತದೆ. ಗೆದ್ದಾಗ ಪದಕದ ವೇದಿಕೆಯ ಮೇಲೆ ಇಬ್ಬರೂ ನಿಲ್ಲುತ್ತಾರೆ.

ಪರೋಪಕಾರದ ಬಗೆಗೆ ಬರೆಯಲ್ಪಟ್ಟ ಎಷ್ಟೋ ಉಪದೇಶಗಳಿಗಿಂತ ಈ ಮೂರು ನಿಷೇಧಗಳು ಹೆಚ್ಚು ನಿಖರವಾಗಿವೆ ಎಂದರೆ ತಪ್ಪಾಗದು. ಎಳೆಯುವುದೆಂದರೆ ಉಪಕೃತನನ್ನು ತನ್ನ ಇಷ್ಟದ ವೇಗಕ್ಕೆ, ತನ್ನ ಇಷ್ಟದ ದಿಕ್ಕಿಗೆ ಒಯ್ಯುವುದು. ತಳ್ಳುವುದೆಂದರೆ ಅವನ ಶಕ್ತಿಯ ಮೇಲೆ ನಂಬಿಕೆಯಿಲ್ಲದೆ ತನ್ನ ಶಕ್ತಿಯನ್ನು ಸೇರಿಸಿ, ಫಲವನ್ನು ಅವನದೆಂದು ತೋರಿಸುವುದು. ಮೊದಲು ಗೆರೆ ದಾಟುವುದೆಂದರೆ ಉಪಕಾರದ ಕೀರ್ತಿಯನ್ನು ತಾನೇ ಕೊಯ್ದುಕೊಳ್ಳುವುದು. ಸಮಾಜಸೇವೆಯ ಹೆಸರಿನಲ್ಲಿ ನಡೆಯುವ ದೋಷಗಳೆಲ್ಲವೂ ಬಹುಮಟ್ಟಿಗೆ ಈ ಮೂರರಲ್ಲಿ ಅಡಗಿವೆ.

ಇದನ್ನು ಓದುಗರಿಗೆ ಪರಿಚಿತವಾದ ಒಂದು ದೃಶ್ಯದೊಡನೆ ಹೋಲಿಸಬಹುದು. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಆರು ನೂರಕ್ಕೂ ಮಿಕ್ಕಿದ ಮೆಟ್ಟಿಲುಗಳಿವೆ. ಹತ್ತಲಾರದ ವೃದ್ಧರನ್ನೂ ಅಶಕ್ತರನ್ನೂ ಡೋಲಿಯಲ್ಲಿ ಕುಳ್ಳಿರಿಸಿ ಹೊತ್ತೊಯ್ಯುವ ವ್ಯವಸ್ಥೆ ಅಲ್ಲಿ ಬಹುಕಾಲದಿಂದ ಇದೆ. ಡೋಲಿ ಹೊರುವವರ ಶ್ರಮ ಸಣ್ಣದಲ್ಲ. ಅದರಿಂದ ಎಷ್ಟೋ ಜನರಿಗೆ ಗೊಮ್ಮಟನ ದರ್ಶನಭಾಗ್ಯ ದೊರೆತಿದೆ. ಆದುದರಿಂದ ಡೋಲಿಯನ್ನು ಹಳಿಯುವುದು ಸಲ್ಲದು. ಆದರೆ ಹೆಗಲು ಕೊಟ್ಟರೆ ಮೆಲ್ಲಗೆ ತಾನೇ ಹತ್ತಬಲ್ಲವನನ್ನೂ ಡೋಲಿಯಲ್ಲಿಯೇ ಕೂರಿಸುವುದು ಸರಿಯೇ? ಅಂಥವನು ಬೆಟ್ಟದ ತುದಿ ಸೇರುತ್ತಾನೆ, ಬೆಟ್ಟ ಹತ್ತಿದವನಾಗುವುದಿಲ್ಲ. ಅಂಗವಿಕಲರೆಲ್ಲರಿಗೂ ಸಮಾಜವು ಡೋಲಿಯನ್ನೇ ಕಟ್ಟಿಸುತ್ತಿದೆ. ದಾರ ಹಿಡಿಯುವವರು ವಿರಳ.

ಕ್ರೀಡೆಯ ಹೊರಗೂ ಇದೇ ನೀತಿಯ ಒಂದು ಉದಾಹರಣೆಯಿದೆ. ದೃಷ್ಟಿಯಿಲ್ಲದ ವಿದ್ಯಾರ್ಥಿ ಪರೀಕ್ಷೆ ಬರೆಯುವಾಗ ಅವನು ಹೇಳಿದ್ದನ್ನು ಬರೆದುಕೊಡುವ ಸಹಾಯಕನೊಬ್ಬನಿರುತ್ತಾನೆ. ವಿದ್ಯಾರ್ಥಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ಸಹಾಯಕನು ಹೇಳಿದ್ದನ್ನು ಮಾತ್ರ ಬರೆಯಬೇಕು. ಉತ್ತರ ತಪ್ಪೆಂದು ತನಗೆ ತಿಳಿದಿದ್ದರೂ ತಿದ್ದಬಾರದು. ಕರುಣೆಯಿಂದ ತಿದ್ದಿದರೆ ಅದು ಮೋಸ. ಅಂಕ ಹೆಚ್ಚಬಹುದು, ಆದರೆ ಆ ಅಂಕ ವಿದ್ಯಾರ್ಥಿಯದಾಗಿರುವುದಿಲ್ಲ. ತಪ್ಪು ಮಾಡುವ ಹಕ್ಕನ್ನೂ ಸೋಲುವ ಹಕ್ಕನ್ನೂ ಇನ್ನೊಬ್ಬನಿಗೆ ಬಿಟ್ಟುಕೊಡುವುದು ಉಪಕಾರದ ಅತ್ಯಂತ ಕಷ್ಟದ ಪಾಠ. ಪ್ಯಾರಿಸ್‌ನಲ್ಲಿ ರಕ್ಷಿತಾ ಅವರು ಅಂತಿಮ ಸುತ್ತಿಗೆ ಹೋಗಲಿಲ್ಲ ಎಂಬುದನ್ನು ಸನ್ಮಾನದ ಭಾಷಣಗಳು ಮೆಲ್ಲಗೆ ದಾಟಿಹೋಗುತ್ತವೆ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಕಣ್ಣಿರುವ ಓಟಗಾರರು ಸೋಲುವಂತೆ ಅವರೂ ಒಂದು ಓಟದಲ್ಲಿ ಸೋತರು. ಆ ಸೋಲಿನಲ್ಲಿಯೂ ಸಮಾನತೆ ಇದೆ.

ಪ್ಯಾರಿಸ್‌ನ ಅದೇ ಕೂಟದಲ್ಲಿ ಇನ್ನೊಂದು ಘಟನೆ ನಡೆಯಿತು. 2024ರ ಸೆಪ್ಟೆಂಬರ್ 8ರಂದು ನಡೆದ ಮಹಿಳೆಯರ ಮ್ಯಾರಥಾನ್ ಓಟದಲ್ಲಿ ಸ್ಪೇನ್ ದೇಶದ ಎಲೆನಾ ಕಾಂಗೋಸ್ಟ್ ಮೂರನೆಯವರಾಗಿ ಗುರಿ ಸಮೀಪಿಸುತ್ತಿದ್ದರು. ಹಿಂದಿನವರು ಬಹಳ ದೂರದಲ್ಲಿದ್ದರು. ಗೆರೆಗೆ ಕೆಲವೇ ಮೀಟರ್ ಉಳಿದಿದ್ದಾಗ ಜೊತೆಗಾರನ ಕಾಲಿನ ಸ್ನಾಯು ಹಿಡಿದುಕೊಂಡು ಆತ ಕುಸಿಯುವಂತಾಯಿತು. ಆತನನ್ನು ಹಿಡಿದುಕೊಳ್ಳಲೆಂದು ಆಕೆ ಒಂದು ಕ್ಷಣ ದಾರವನ್ನು ಕೈಬಿಟ್ಟರು. ನಿಯಮದ ಪ್ರಕಾರ ದಾರ ಬಿಟ್ಟದ್ದು ತಪ್ಪು. ಆ ದಿನ ಅವರನ್ನು ಅನರ್ಹರೆಂದು ಸಾರಲಾಯಿತು. ನಿಯಮ ಕಠೋರವಾಯಿತೆಂದು ಅನೇಕರು ವಾದಿಸಿದರು. ನಿಯಮ ಎಲ್ಲರಿಗೂ ಒಂದೇ ಎಂದು ಇನ್ನು ಕೆಲವರು ಸಮರ್ಥಿಸಿದರು. ತೀರ್ಪಿನ ಪ್ರಶ್ನೆಗಿಂತ ಇಲ್ಲಿ ಮುಖ್ಯವಾದುದು ಬೇರೊಂದು. ಸಹಾಯಕನೆಂದು ಕರೆಯಲ್ಪಟ್ಟವನು ಕುಸಿದ. ಸಹಾಯಕ್ಕೆ ಪಾತ್ರಳೆಂದು ಕರೆಯಲ್ಪಟ್ಟವಳು ಅವನನ್ನು ಹಿಡಿದಳು. ದಾರಕ್ಕೆ ಎರಡು ತುದಿಗಳಿವೆ ಎಂಬ ಸತ್ಯ ಅಂದು ಜಗತ್ತಿಗೆಲ್ಲ ಕಾಣಿಸಿತು. ಜೀವಿಗಳು ಒಂದಕ್ಕೊಂದು ಉಪಕಾರಕವಾಗಿ ಬದುಕುತ್ತವೆ ಎಂಬ ತತ್ತ್ವಾರ್ಥಸೂತ್ರದ ತಾತ್ಪರ್ಯವನ್ನು ಬಲ್ಲವರಿಗೆ ಇದು ಹೊಸ ವಿಷಯವಲ್ಲ. ಅದನ್ನು ಅಂಗವಿಕಲರ ವಿಷಯಕ್ಕೆ ಅನ್ವಯಿಸುವ ರೂಢಿ ಮಾತ್ರ ಇನ್ನೂ ಬಂದಿಲ್ಲ.

ಸನ್ಮಾನ ಮತ್ತು ಸೇವೆ

ಈ ಮಾನದಂಡವನ್ನು ಹಿಡಿದು ಪ್ರಚಲಿತ ಪದ್ಧತಿಗಳನ್ನು ನೋಡಿದರೆ ನಿರಾಶೆಯಾಗುತ್ತದೆ. ಡಿಸೆಂಬರ್ 3 ವಿಶ್ವ ವಿಕಲಚೇತನರ ದಿನ. 1992ರಲ್ಲಿ ವಿಶ್ವಸಂಸ್ಥೆ ಇದನ್ನು ಘೋಷಿಸಿತು. ಆ ದಿನದ ಆಸುಪಾಸಿನಲ್ಲಿ ಊರೂರುಗಳಲ್ಲಿ ಅಂಗವಿಕಲರಿಗೆ ಕ್ರೀಡಾಸ್ಪರ್ಧೆಗಳು ಏರ್ಪಡುತ್ತವೆ. ಶಾಮಿಯಾನ, ಧ್ವನಿವರ್ಧಕ, ಉದ್ಘಾಟನೆ, ಗಣ್ಯರ ಭಾಷಣ. ಭಾಷಣಗಳು ಮುಗಿಯುವ ಹೊತ್ತಿಗೆ ಬಿಸಿಲೇರಿರುತ್ತದೆ. ಆಟಕ್ಕೆ ಉಳಿಯುವುದು ಸ್ವಲ್ಪ ಹೊತ್ತು. ಸಂಜೆಗೆ ಬಹುಮಾನ, ಛಾಯಾಚಿತ್ರ. ಮರುದಿನದಿಂದ ಮುಂದಿನ ಡಿಸೆಂಬರಿನವರೆಗೆ ಆ ಸ್ಪರ್ಧಿಗಳು ಎಲ್ಲಿ ಆಡುತ್ತಾರೆ, ಯಾರೊಡನೆ ಆಡುತ್ತಾರೆ ಎಂದು ಕೇಳುವವರಿಲ್ಲ. ಅಭ್ಯಾಸವೇ ಇಲ್ಲದ ಸ್ಪರ್ಧೆ ಕ್ರೀಡೆಯಾಗಲಾರದು. ಅದು ನೋಡುವವರ ಸಮಾಧಾನಕ್ಕಾಗಿ ನಡೆಯುವ ಪ್ರದರ್ಶನ ಮಾತ್ರ.

ಸನ್ಮಾನದ ವಿಷಯವೂ ಹೀಗೆಯೇ. ಗೆದ್ದು ಬಂದ ಕ್ರೀಡಾಪಟುವಿಗೆ ಶಾಲು, ಹಾರ, ಫಲತಾಂಬೂಲ. ಇದರಲ್ಲಿ ತಪ್ಪೇನೂ ಇಲ್ಲ. ಸಾಧಕರನ್ನು ಗೌರವಿಸುವುದು ಸಂಸ್ಕಾರ. ಆದರೆ ಗೆಲ್ಲುವ ಮೊದಲು ಕೊಡಬೇಕಾದುದನ್ನು ಗೆದ್ದ ಮೇಲೆ ಕೊಡುವುದು ವ್ಯಾಪಾರದ ದೃಷ್ಟಿಯಿಂದಲೂ ಸರಿಯಲ್ಲ. ಬೆಳೆ ಬಂದ ಮೇಲೆ ಗೊಬ್ಬರ ಹಾಕುವ ಕೃಷಿಕನನ್ನು ಕಾಫಿ ಸೀಮೆಯಲ್ಲಿ ಯಾರೂ ಬುದ್ಧಿವಂತನೆನ್ನರು.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಅಂಗವೈಕಲ್ಯ ಪೂರ್ವಕರ್ಮದ ಫಲ, ಅನುಭವಿಸಿಯೇ ತೀರಬೇಕು ಎಂಬ ನುಡಿ ಧಾರ್ಮಿಕರ ಬಾಯಲ್ಲಿಯೇ ಹೆಚ್ಚಾಗಿ ಕೇಳಿಬರುತ್ತದೆ. ಕರ್ಮಸಿದ್ಧಾಂತ ಪ್ರತಿಯೊಂದು ಜೀವಕ್ಕೂ ತನ್ನ ನಡತೆಯ ಹೊಣೆಯನ್ನು ನೆನಪಿಸುವ ಸಿದ್ಧಾಂತ. ಪರರ ಕರ್ಮದ ಲೆಕ್ಕ ಬರೆಯುವ ಅಧಿಕಾರವನ್ನು ಅದು ಯಾರಿಗೂ ಕೊಟ್ಟಿಲ್ಲ. ನೆರೆಮನೆಯ ಅಂಧ ಮಗುವನ್ನು ಕಂಡು ಅದರ ಕರ್ಮವೆಂದು ಹೇಳಿ ಮುಂದೆ ಹೋಗುವವನು ಆ ಮಗುವಿನ ಖಾತೆಯಲ್ಲಿ ಏನನ್ನೂ ಬರೆಯಲಾರ; ತನ್ನ ಖಾತೆಯಲ್ಲಿ ನಿರ್ದಯೆಯನ್ನು ಬರೆದುಕೊಳ್ಳುತ್ತಾನೆ.

ಕಿರ್ದಿ–ಖಾತೆಯ ದೃಷ್ಟಿ

ವ್ಯಾಪಾರಸ್ಥರಿಗೆ ತಿಳಿದಿರುವಂತೆ ಖರ್ಚಿನಲ್ಲಿ ಎರಡು ಬಗೆ. ಅಂಗಡಿ ಕಟ್ಟಿಸುವುದು, ಯಂತ್ರ ಕೊಳ್ಳುವುದು ಬಂಡವಾಳದ ಖರ್ಚು. ಕೂಲಿ, ದೀಪದ ಬಿಲ್ಲು, ದುರಸ್ತಿ ಇವು ಆವರ್ತಕ ಖರ್ಚು. ಪ್ರತಿ ತಿಂಗಳೂ ಬರುತ್ತಲೇ ಇರುತ್ತವೆ. ಬಂಡವಾಳ ಹಾಕಿ ಆವರ್ತಕ ಖರ್ಚಿಗೆ ಹಣ ಇಡದವನ ಅಂಗಡಿ ಬಾಗಿಲು ಹಾಕುತ್ತದೆ. ಅಂಗವಿಕಲರ ಸೇವೆಯಲ್ಲಿ ಸಮಾಜ ಮಾಡುತ್ತಿರುವುದು ಇದನ್ನೇ. ಗಾಲಿಕುರ್ಚಿ, ತ್ರಿಚಕ್ರ ವಾಹನ, ಊರುಗೋಲು, ಕೃತಕ ಕಾಲು, ಕಟ್ಟಡ ಇವೆಲ್ಲ ಬಂಡವಾಳದ ಖರ್ಚುಗಳು. ಇವುಗಳ ಮೇಲೆ ದಾನಿಯ ಹೆಸರನ್ನು ಬರೆಸಬಹುದು. ಜೊತೆಗೆ ಓಡುವವನ ಸಮಯ ಆವರ್ತಕ ಖರ್ಚು. ಬೆಳಗಿನ ಆರು ಗಂಟೆಯ ಮೇಲೆ ಯಾರ ಹೆಸರನ್ನೂ ಕೆತ್ತಿಸಲಾಗದು. ಹೀಗಾಗಿ ಮೊದಲನೆಯದಕ್ಕೆ ದಾನಿಗಳು ಸಾಲುಗಟ್ಟುತ್ತಾರೆ, ಎರಡನೆಯದಕ್ಕೆ ಯಾರೂ ಬರುವುದಿಲ್ಲ.

ಆ ಆವರ್ತಕ ಖರ್ಚು ಎಷ್ಟು ಎಂದು ಲೆಕ್ಕ ಹಾಕಿದರೆ ಭಯಪಡುವಂಥದೇನೂ ಇಲ್ಲ. ಒಬ್ಬ ಅಂಧ ಓಟಗಾರನ ಜೊತೆ ದಿನಕ್ಕೆ ಒಂದು ಗಂಟೆಯಂತೆ ವರ್ಷಕ್ಕೆ 300 ದಿನ ಓಡಬೇಕೆಂದು ಇಟ್ಟುಕೊಳ್ಳೋಣ. ಒಟ್ಟು 300 ಗಂಟೆ. ಐದು ಮಂದಿ ಹಂಚಿಕೊಂಡರೆ ತಲಾ 60 ಗಂಟೆ, ಅಂದರೆ ವಾರಕ್ಕೆ ಒಂದು ಗಂಟೆಗಿಂತ ತುಸು ಹೆಚ್ಚು. ಒಂದು ಊರಿನ ಐವರು ಯುವಕರಿಗೆ ಇದು ಭಾರವಲ್ಲ. ಕೊರತೆಯಿರುವುದು ಹಣದ್ದಲ್ಲ, ಸಮಯದ್ದೂ ಅಲ್ಲ. ಹೇಳಿದ ಹೊತ್ತಿಗೆ ತಪ್ಪದೆ ಬರುವ ನಿಯಮನಿಷ್ಠೆಯದು.

ಬಂಡವಾಳ ಮಾತ್ರ ಇದ್ದು ಜನ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಕುದುರೆಮುಖ ಪಟ್ಟಣವೇ ಸಾಕ್ಷಿ. 1976ರಲ್ಲಿ ಸ್ಥಾಪನೆಯಾದ ಕಬ್ಬಿಣದ ಅದಿರಿನ ಕಂಪನಿಗಾಗಿ ಆ ಕಾಡಿನ ನಡುವೆ ಮನೆಗಳು, ರಸ್ತೆಗಳು ಎದ್ದವು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕಾಡಿನ ದೃಷ್ಟಿಯಿಂದ ಅದು ಆಗಬೇಕಾದುದೇ. ಆದರೆ ಉದ್ಯೋಗಿಗಳು ಚದುರಿಹೋದ ಮೇಲೆ ಊರು ಬಹುಪಾಲು ಬರಿದಾಯಿತು. ಗೋಡೆಗಳು ನಿಂತಿದ್ದವು, ಬದುಕು ಇರಲಿಲ್ಲ. ಅಂಗವಿಕಲರಿಗಾಗಿ ಕಟ್ಟಿದ ಕ್ರೀಡಾಂಗಣವೂ ಜೊತೆಗೆ ಆಡುವವರಿಲ್ಲದಿದ್ದರೆ ಇಂಥದೇ ಒಂದು ಖಾಲಿ ಊರು.

ಇದಕ್ಕೆ ಪ್ರತಿಯಾಗಿ, ನಿಯಮದಿಂದಲೇ ಎಲ್ಲರನ್ನೂ ಒಳಗೊಂಡ ಒಂದು ಆಟವನ್ನು ಕರ್ನಾಟಕ ಬೆಳೆಸಿದೆ. ಅಂಧರ ಕ್ರಿಕೆಟ್ಟಿನ ಚೆಂಡಿನೊಳಗೆ ಸಣ್ಣ ಲೋಹದ ಗುಂಡುಗಳಿದ್ದು ಉರುಳಿದಾಗ ಸದ್ದು ಮಾಡುತ್ತದೆ. ಬೌಲರ್ ಕೈಯನ್ನು ಕೆಳಗಿನಿಂದ ಬೀಸಿ ಚೆಂಡು ಹಾಕುತ್ತಾನೆ. ಹನ್ನೊಂದು ಮಂದಿಯಲ್ಲಿ ಕನಿಷ್ಠ ನಾಲ್ವರು ಪೂರ್ಣ ಅಂಧರಿರಬೇಕು. ಪೂರ್ಣ ಅಂಧ ಬ್ಯಾಟುಗಾರ ಗಳಿಸಿದ ಪ್ರತಿ ಓಟವನ್ನೂ ಎರಡೆಂದು ಎಣಿಸಲಾಗುತ್ತದೆ. ತುಸು ಕಾಣುವವರನ್ನೇ ತುಂಬಿಸಿಕೊಂಡು ಗೆಲ್ಲುವ ದಾರಿಯನ್ನು ನಿಯಮವೇ ಮುಚ್ಚಿದೆ. ಇಲ್ಲಿ ಪೂರ್ಣ ಅಂಧನು ತಂಡಕ್ಕೆ ಹೊರೆಯಾಗಿಲ್ಲ, ಅವನಿಲ್ಲದೆ ತಂಡವೇ ಇಲ್ಲ. ಸ್ವತಃ ದೃಷ್ಟಿಯಿಲ್ಲದ ಮಹಾಂತೇಶ ಜಿ. ಕಿವಡಸಣ್ಣವರ 1997ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸಮರ್ಥನಂ ಸಂಸ್ಥೆ ಈ ಆಟಕ್ಕೆ ದೊಡ್ಡ ಆಸರೆಯಾಯಿತು. 2012ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಮೊದಲ ಟಿ-20 ವಿಶ್ವಕಪ್ಪನ್ನು ಭಾರತ ಗೆದ್ದಾಗ ನಾಯಕರಾಗಿದ್ದವರು ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್. 2017ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. 2025ರ ನವೆಂಬರಿನಲ್ಲಿ ಕೊಲಂಬೊದಲ್ಲಿ ಅಂಧ ಮಹಿಳೆಯರ ಮೊದಲ ಟಿ-20 ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ ದೀಪಿಕಾ ಟಿ.ಸಿ. ಅವರೂ ಕರ್ನಾಟಕದವರೇ.

ಪಡೆಯುವವರು ಸದಾ ಪಡೆಯುವವರೇ ಆಗಿರುತ್ತಾರೆಂಬ ಭ್ರಮೆಯನ್ನೂ ಇಂಥವರು ಹೋಗಲಾಡಿಸಿದ್ದಾರೆ. ಎಳವೆಯಲ್ಲೇ ಪೋಲಿಯೊ ಪೀಡಿತರಾದ ಮಾಲತಿ ಕೃಷ್ಣಮೂರ್ತಿ ಹೊಳ್ಳ ಗಾಲಿಕುರ್ಚಿಯಿಂದಲೇ ಭಾರತಕ್ಕೆ ಅನೇಕ ಪದಕಗಳನ್ನು ತಂದು ಅರ್ಜುನ ಪ್ರಶಸ್ತಿಗೂ 2001ರಲ್ಲಿ ಪದ್ಮಶ್ರೀಗೂ ಪಾತ್ರರಾದರು. ಅಷ್ಟಕ್ಕೆ ನಿಲ್ಲದೆ ಮಾತೃ ಪ್ರತಿಷ್ಠಾನದ ಮೂಲಕ ಅಂಗವಿಕಲ ಮಕ್ಕಳಿಗೆ ಆಶ್ರಯವನ್ನೂ ವಿದ್ಯೆಯನ್ನೂ ಒದಗಿಸಿದರು. ಕಿರ್ದಿಯಲ್ಲಿ ಖರ್ಚಿನ ಕಡೆಗೆ ಬರೆದಿದ್ದ ಹೆಸರು ಜಮೆಯ ಕಡೆಗೆ ಬಂದು ನಿಂತಿತು. ಅಥವಾ ಮೊದಲೇ ತಪ್ಪು ಬದಿಗೆ ಬರೆಯಲಾಗಿತ್ತು ಎನ್ನಬೇಕು.

ಆಕ್ಷೇಪಗಳು

ಇಷ್ಟು ಹೇಳಿದ ಮೇಲೆ ಕೆಲವು ಆಕ್ಷೇಪಗಳಿಗೆ ಉತ್ತರಿಸಬೇಕಾಗುತ್ತದೆ. ಹೊಟ್ಟೆಗೆ ಅನ್ನ, ಕೈಗೆ ಕೆಲಸ ಇಲ್ಲದವರಿಗೆ ಆಟವೇಕೆ ಎಂಬುದು ಮೊದಲನೆಯದು. 1948ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ವೈದ್ಯ ಲುಡ್ವಿಗ್ ಗುಟ್‌ಮನ್, ಯುದ್ಧದಲ್ಲಿ ಗಾಯಗೊಂಡು ಗಾಲಿಕುರ್ಚಿ ಹಿಡಿದಿದ್ದ 16 ಮಂದಿಗೆ ಬಿಲ್ಲುಗಾರಿಕೆಯ ಸ್ಪರ್ಧೆ ಏರ್ಪಡಿಸಿದರು. ಹಾಸಿಗೆಯಲ್ಲೇ ಬಿದ್ದು ಸಾಯುತ್ತಾರೆಂದು ಜನ ಕೈಬಿಟ್ಟಿದ್ದ ಅಂಥವರು ಮತ್ತೆ ದುಡಿಯುವ ನಾಗರಿಕರಾಗಿ ಮನೆಗೆ ಮರಳಬೇಕೆಂಬುದೇ ಅವರ ಉದ್ದೇಶವಾಗಿತ್ತು. ಇಂದಿನ ಪ್ಯಾರಾಲಿಂಪಿಕ್ಸ್ ಹುಟ್ಟಿದ್ದು ಅಲ್ಲಿಂದ. ಆಟ ಅನ್ನಕ್ಕೆ ವಿರೋಧಿಯಲ್ಲ. ಮನೆಯ ಮೂಲೆಯಿಂದ ಹೊರಗೆ ಬರುವ ಮೊದಲ ಹೆಜ್ಜೆಯಾದರೆ ಅದೇ ಅನ್ನದ ದಾರಿಗೂ ಒಯ್ಯುತ್ತದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು. ಇವರಲ್ಲಿ ಪದಕ ಗೆಲ್ಲುವವರು ಬೆರಳೆಣಿಕೆಯಷ್ಟು. ಒಬ್ಬರ ಗೆಲುವನ್ನು ತೋರಿಸಿ, ಅವಳು ಮಾಡಿದಳಲ್ಲ, ನಿನಗೇನಾಗಿದೆ ಎಂದು ಉಳಿದವರನ್ನು ಹಂಗಿಸುವ ಅಪಾಯ ನಿಜವಾಗಿಯೂ ಇದೆ. ಈ ಆಕ್ಷೇಪವನ್ನು ಒಪ್ಪಲೇಬೇಕು. ಪದಕವನ್ನು ಗುರಿಯಾಗಿಟ್ಟುಕೊಂಡ ಸೇವೆ ಪದಕ ತರಲಾರದವರನ್ನು ಕೈಬಿಡುತ್ತದೆ. ಆದುದರಿಂದಲೇ ಪರೀಕ್ಷೆ ಮೊದಲನೆಯ ಓಟಗಾರ್ತಿಯಲ್ಲಿಲ್ಲ, ಎರಡನೆಯವಳಲ್ಲಿದೆ. ರಕ್ಷಿತಾ ಅವರ ಹಳ್ಳಿಯಂಥ ಇನ್ನೊಂದು ಹಳ್ಳಿಯಲ್ಲಿ, ವೇಗವಾಗಿ ಓಡಲಾರದ, ಪತ್ರಿಕೆಯಲ್ಲಿ ಹೆಸರು ಬಾರದ, ಸುಮ್ಮನೆ ಗೆಳತಿಯರೊಡನೆ ಆಡಲು ಬಯಸುವ ಅಂಧ ಬಾಲಕಿಗೆ ದಾರ ಹಿಡಿಯುವವರು ಇದ್ದಾರೆಯೇ? ಇದ್ದರೆ ಮಾತ್ರ ಸಮಾಜ ಅವಳನ್ನು ಸೇರಿಸಿಕೊಂಡಿದೆ ಎನ್ನಬಹುದು.

ಮೂರನೆಯದು, ಇದೆಲ್ಲ ಸರ್ಕಾರದ ಕೆಲಸ ಎಂಬ ಮಾತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ವೈಕಲ್ಯದ ವರ್ಗಗಳನ್ನು ಹಿಂದಿನ ಏಳರಿಂದ 21ಕ್ಕೆ ಏರಿಸಿತು. ಅದರ 30ನೆಯ ಕಲಮು ಕ್ರೀಡೆಯಲ್ಲಿ ಸಮಾನವಾಗಿ ಭಾಗವಹಿಸುವುದನ್ನು ಅಂಗವಿಕಲರ ಹಕ್ಕೆಂದು ಒಪ್ಪಿ, ಅದಕ್ಕೆ ಬೇಕಾದ ಸೌಕರ್ಯ ಒದಗಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಆ ಹೊಣೆಯನ್ನು ಕೇಳಿ ಪಡೆಯುವುದು ನಾಗರಿಕರ ಕರ್ತವ್ಯ. ಆದರೆ ಕಾಯ್ದೆ ಮೈದಾನ ಕೊಡಬಹುದು, ಅನುದಾನ ಕೊಡಬಹುದು. ಗೆಳೆತನವನ್ನು ಯಾವ ಕಲಮೂ ಕೊಡಲಾರದು. ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ ಎಂದು ಶಬ್ದಗಳು ಬದಲಾಗುತ್ತ ಬಂದಿವೆ. ಶಬ್ದ ಬದಲಾದಷ್ಟು ಬೇಗ ನಡತೆ ಬದಲಾಗಿಲ್ಲ. ಹೆಸರು ಹಿಡಿದು ಕೂಗಿ ಆಟಕ್ಕೆ ಕರೆದರೆ ಈ ನಾಲ್ಕು ಶಬ್ದಗಳಲ್ಲಿ ಒಂದೂ ಬೇಕಾಗುವುದಿಲ್ಲ.

ಮಲೆನಾಡಿನಲ್ಲಿ ಆಗಬೇಕಾದುದು

ಬೆಟ್ಟದ ಸೀಮೆಯಲ್ಲಿ ಕಷ್ಟಗಳು ಹೆಚ್ಚು ಎಂಬುದು ನಿಜ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಳೆ. ಮನೆಗಳು ದೂರ ದೂರ. ತೋಟದ ಲೈನುಗಳಿಂದ ಬಸ್ಸಿನ ದಾರಿಗೆ ನಡೆದೇ ಹೋಗಬೇಕು. ದೃಷ್ಟಿಯಿಲ್ಲದ ಮಗು ಓದಲು ಮನೆ ಬಿಟ್ಟು ಜಿಲ್ಲಾ ಕೇಂದ್ರದ ವಸತಿಶಾಲೆ ಸೇರಬೇಕಾಗುತ್ತದೆ. ರಜೆಗೆ ಊರಿಗೆ ಬಂದಾಗ ಅದಕ್ಕೆ ಗೆಳೆಯರಿರುವುದಿಲ್ಲ. ಸಮತಟ್ಟಾದ ಜಾಗವೇ ಅಪರೂಪ. ಆದರೆ ಪ್ರತಿಯೊಂದು ದೊಡ್ಡ ತೋಟದಲ್ಲಿಯೂ ಕಾಫಿ ಒಣಗಿಸುವ ಕಣವಿದೆ. ಕೊಯ್ಲಿನ ತಿಂಗಳುಗಳನ್ನು ಬಿಟ್ಟರೆ ಅದು ಖಾಲಿಯೇ ಇರುತ್ತದೆ. ಗುಂಡಿಗಳಿಲ್ಲದ, ವಾಹನಗಳ ಭಯವಿಲ್ಲದ ಆ ಕಣಕ್ಕಿಂತ ಅಂಧ ಮಗುವೊಂದು ಓಡಲು ಕಲಿಯುವುದಕ್ಕೆ ಒಳ್ಳೆಯ ಜಾಗ ಮಲೆನಾಡಿನಲ್ಲಿ ಸಿಗುವುದು ಕಷ್ಟ. ತೋಟದ ಮಾಲೀಕರು ಮನಸ್ಸು ಮಾಡಿದರೆ ಇದಕ್ಕೆ ಒಂದು ಕಾಸೂ ಖರ್ಚಿಲ್ಲ.

ಇನ್ನು ಸ್ವಯಂಸೇವಕರು. ಕೆಸರುಗದ್ದೆಯ ಓಟ, ವಾಲಿಬಾಲ್ ಪಂದ್ಯ, ಗಣೇಶೋತ್ಸವ ಇವುಗಳನ್ನು ರಾತ್ರಿ ಹಗಲೆನ್ನದೆ ನಡೆಸುವ ಯುವಕ ಸಂಘಗಳು ಈ ಭಾಗದ ಊರೂರುಗಳಲ್ಲಿವೆ. ಅವರಿಗೆ ಸೇವೆಯ ಉತ್ಸಾಹ ಕಲಿಸಬೇಕಾಗಿಲ್ಲ. ಅಂಗವಿಕಲರನ್ನು ವೇದಿಕೆಯ ಮೇಲಿನ ಕುರ್ಚಿಯಿಂದ ಇಳಿಸಿ ಅಂಕಣಕ್ಕೆ ಕರೆತರಬೇಕೆಂದು ನೆನಪಿಸಿದರೆ ಸಾಕು. ಸಂಘದ ಲೆಕ್ಕಪುಸ್ತಕದಲ್ಲಿ ಹಣದ ಕಿರ್ದಿಯ ಪಕ್ಕದಲ್ಲಿ ಸಮಯದ ಕಿರ್ದಿಯೊಂದನ್ನೂ ಇಡುವುದು ಒಳ್ಳೆಯದು: ಯಾರು, ಯಾವ ದಿನ, ಎಷ್ಟು ಗಂಟೆ, ಯಾರ ಜೊತೆ. ಅದರಲ್ಲಿ ಒಂದೇ ಕಟ್ಟುಪಾಡು ಇರಲಿ. ಏನು ಆಡಬೇಕು, ಯಾವಾಗ ಆಡಬೇಕು ಎಂಬುದನ್ನು ಸ್ವಯಂಸೇವಕ ನಿರ್ಧರಿಸಬಾರದು. ದಾರದ ಇನ್ನೊಂದು ತುದಿಯಲ್ಲಿರುವವರು ನಿರ್ಧರಿಸಬೇಕು. ಬೇಡವೆಂದರೆ ಬಿಡಬೇಕು. ಬೇಡವೆನ್ನುವ ಸ್ವಾತಂತ್ರ್ಯವಿಲ್ಲದ ಕಡೆ ಉಪಕಾರವೂ ಒಂದು ಬಗೆಯ ಹಿಂಸೆಯೇ.

ರಕ್ಷಿತಾ ರಾಜು ಅವರ ಬದುಕಿನ ಮೊದಲ ಜೊತೆಗಾತಿ ಕಿವಿ ಕೇಳದ, ಮಾತು ಬಾರದ ಅಜ್ಜಿ ಎಂಬುದನ್ನು ಇಲ್ಲಿ ಮತ್ತೆ ನೆನೆಯಬೇಕು. ಒಬ್ಬರಿಗೆ ಕಾಣದು, ಇನ್ನೊಬ್ಬರಿಗೆ ಕೇಳದು. ಕೈಯ ಸ್ಪರ್ಶವನ್ನು ಬಿಟ್ಟರೆ ಆ ಇಬ್ಬರ ನಡುವೆ ಬೇರೆ ಭಾಷೆ ಎಷ್ಟಿದ್ದೀತು? ಹಾಗಿದ್ದೂ ಒಂದು ಮಗು ಬೆಳೆಯಿತು. ಅಲ್ಲಿ ದಾನಿಯೂ ಇರಲಿಲ್ಲ, ಯಾಚಕನೂ ಇರಲಿಲ್ಲ, ಯಾವ ವರದಿಯಲ್ಲಿಯೂ ಅದು ಸೇವೆಯೆಂದು ದಾಖಲಾಗಲಿಲ್ಲ. ಕಣ್ಣು, ಕಿವಿ, ಮಾತು, ಅನುಕೂಲ ಎಲ್ಲವೂ ಇರುವವರಿಗೆ ವಾರದಲ್ಲಿ ಒಂದು ಗಂಟೆ ಇನ್ನೊಬ್ಬರ ಪಕ್ಕದಲ್ಲಿ, ಅರ್ಧ ಹೆಜ್ಜೆ ಹಿಂದೆ, ಎಳೆಯದೆ ತಳ್ಳದೆ ಓಡಲು ಸಾಧ್ಯವಿಲ್ಲವೆಂದರೆ, ಕೊರತೆ ಯಾರಲ್ಲಿದೆ ಎಂಬುದನ್ನು ವಾಚಕರೇ ವಿಚಾರ ಮಾಡಬೇಕು.